ಘಟ್ಟ ಇಳಿದ ಹತ್ತಿ, ಘಟ್ಟ ಏರಿದ ಡಬ್ಬಿ

ಕಳೆದ ತಿಂಗಳು ನಮ್ಮನೆಗೆ ಒಂದು ಮೊಬೈಲ್ ಚಾರ್ಜರ್ ಬಂತು. ವಸ್ತು ಅಂಗೈಯಷ್ಟು. ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮಾತ್ರ ಬೆಕ್ಕು ಮರಿ ಹಾಕಬಹುದಿತ್ತು. ಉಳಿದ ಜಾಗಕ್ಕೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಅದನ್ನು ಹೊತ್ತ ಲಾರಿ ಹುಬ್ಬಳ್ಳಿಯಿಂದ ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರಕ್ಕೆ ಬಂದಿತ್ತು, ಅಲ್ಲಿಂದ ಹುಡುಗನೊಬ್ಬ ಬೈಕಿನ ಹಿಂದೆ ಕಟ್ಟಿಕೊಂಡು ಮಣ್ಣು ರಸ್ತೆಯಲ್ಲಿ ನಮ್ಮ ಕೇರಿಗೆ ತಂದಿದ್ದ.

ಅದೇ ವಾರ ಪಕ್ಕದ ಮನೆ ಅತ್ತಿಗೆ ಬೆಂಗಳೂರಿಗೆ ಸುಕೇಳಿ ಕಳಿಸಲು ಹೊರಟಿದ್ದರು. ಎರಡು ಕೆಜಿ ಮಾಲು. ಮನೆಯಲ್ಲಿ ಸಿಕ್ಕಿದ ದೊಡ್ಡ ಪೆಟ್ಟಿಗೆಗೆ ಹಾಕಿ, ಸುತ್ತ ಹಳೇ ಪೇಪರು ತುರುಕಿ ಕೊರಿಯರ್ ಅಂಗಡಿಗೆ ಒಯ್ದರು. ಅವರು ತೂಕ ಹಾಕಲಿಲ್ಲ, ಟೇಪು ಹಿಡಿದರು. ಆರು ಕೆಜಿಯ ದುಡ್ಡು ಕೇಳಿದರು. "ಎರಡೇ ಕೆಜಿ ಇದ್ದು ಮಾರಾಯಾ, ಬೇಕಾದರೆ ತೂಗು" ಎಂದು ಅತ್ತಿಗೆ ಹೇಳಿದ್ದೇ ಬಂತು.

ಲೆಕ್ಕ ಹೀಗಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಾಡಿಗೆ. ಅತ್ತಿಗೆಯ ಪೆಟ್ಟಿಗೆ 40, 30, 25 ಸೆಂಟಿಮೀಟರಿನದು. ಗುಣಿಸಿದರೆ 30,000, ಭಾಗಿಸಿದರೆ 6. ಅದೇ ಸುಕೇಳಿ 30, 20, 15ರ ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು. ಆಗ ಲೆಕ್ಕ 1.8ಕ್ಕೆ ನಿಲ್ಲುತ್ತದೆ, ಬಾಡಿಗೆ ಎರಡೇ ಕೆಜಿಗೆ. ಅತ್ತಿಗೆ ಕೊಟ್ಟ ದುಡ್ಡಿನಲ್ಲಿ ಮೂರನೇ ಎರಡು ಪಾಲು ಗಾಳಿಗೆ ಹೋಯಿತು.

ಇದು ಕೊರಿಯರ್‌ನವರು ಹೊಸದಾಗಿ ಕಂಡುಹಿಡಿದ ಲೆಕ್ಕವಲ್ಲ. ಇದೇ ರಸ್ತೆಯಲ್ಲಿ ನೂರಾ ಅರವತ್ತು ವರ್ಷಗಳ ಹಿಂದೆ ಇದೇ ಜಗಳ ನಡೆದಿತ್ತು. ಆಗ ಮಾಲು ಹತ್ತಿ.

ಧಾರವಾಡ ಸೀಮೆಯ ಹತ್ತಿಗೆ ಮುಂಬೈ ಪೇಟೆಯಲ್ಲಿ 'ಕುಮಟಾ' ಎಂದು ಹೆಸರಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ ಎಂದು ನಿಮಗೆಲ್ಲ ಗೊತ್ತು. ಹಡಗು ಹತ್ತಿದ ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡಿತು, ಆಮೇಲೆ ಕೃಷಿ ಪುಸ್ತಕಗಳೂ ಅದನ್ನು ತಳಿಯ ಹೆಸರಾಗಿಯೇ ಬಳಸಿದವು. ಬಯಲುಸೀಮೆಯಿಂದ ಹೊರಟ ಹತ್ತಿ ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟ ಇಳಿದೋ, ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದೋ ಕಡಲು ಸೇರುತ್ತಿತ್ತು. ಗಾಡಿ ರಸ್ತೆ ಆಗುವ ಮೊದಲು ಹೇರೆತ್ತುಗಳದೇ ಕಾರುಬಾರು. ಲಂಬಾಣಿಗರ ಎತ್ತುಗಳು ಹತ್ತಿ, ಕಾಳು ಹೊತ್ತು ಇಳಿದು, ಸಾಣಿಕಟ್ಟೆಯ ಉಪ್ಪು ಹೊತ್ತು ಏರುತ್ತಿದ್ದವು. ಬರಿಬೆನ್ನಲ್ಲಿ ವಾಪಸಾದರೆ ಹೇರಿನ ಖರ್ಚು ದುಪ್ಪಟ್ಟಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಎತ್ತಿನ ಎರಡೂ ಪಕ್ಕ ಇಳಿಬಿಡುವ ಆ ಚೀಲವೇ ಗೋಣಿ. ಇಂಗ್ಲಿಷಿನ 'ಗನ್ನಿ' ಬಂದಿದ್ದು ಈ ಶಬ್ದದಿಂದ. ಬಂಗಾಳದ ರಿಶ್ರಾದಲ್ಲಿ 1855ರಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾದ ಮೇಲೆ ಗಿರಣಿ ಚೀಲ ದೇಶವೆಲ್ಲ ತುಂಬಿತು, ಹೆಸರು ಮಾತ್ರ ಎತ್ತಿನ ಬೆನ್ನಿನದೇ ಉಳಿಯಿತು.

ಎತ್ತಿಗೆ ತೂಕದ್ದೇ ಚಿಂತೆ. ಹತ್ತಿ ಉಬ್ಬಿಕೊಂಡಿದ್ದರೂ ಅದಕ್ಕೇನೂ ತೊಂದರೆಯಿಲ್ಲ, ಭಾರ ಹೆಚ್ಚಾದರೆ ಮಾತ್ರ ಘಟ್ಟದಲ್ಲಿ ಮಂಡಿಯೂರುತ್ತದೆ. ಹಡಗಿನ ಕಥೆ ಬೇರೆ. ಹತ್ತಿ ತುಂಬಿದ ಹಡಗು ಭಾರಕ್ಕೆ ಮುಳುಗುವುದಿಲ್ಲ, ಜಾಗ ಮುಗಿಯುತ್ತದೆ. ಹಾಗಾಗಿ ಹಡಗಿನವರು ಹತ್ತಿಗೆ ಬಾಡಿಗೆ ಹಾಕುತ್ತಿದ್ದುದು ಘನ ಅಡಿಯ ಲೆಕ್ಕದಲ್ಲಿ. ಕಾಲಿನಲ್ಲಿ ತುಳಿದು ತುಂಬಿದ ಸಡಿಲ ಚೀಲ ಅರಬೈಲ್ ಘಟ್ಟದ ಮಟ್ಟಿಗೆ ಸರಿ. ಕುಮಟೆಯ ಧಕ್ಕೆಗೆ ಬಂದ ಕೂಡಲೇ ಅದೇ ಚೀಲ ದುಬಾರಿ.

ಕುಮಟೆಯಿಂದ ಪತ್ತೇಮಾರಿಗಳಲ್ಲಿ ಹತ್ತಿ ಮುಂಬೈಗೆ ಹೋಗುತ್ತಿತ್ತು. ತೆರೆದ ಹಡಗು, ಉಪ್ಪು ನೀರು, ಸಡಿಲ ಚೀಲ. ದಾರಿಯಲ್ಲಿ ಒಂದಿಷ್ಟು ಹತ್ತಿ ಮಾಯ, ಅದರ ಜಾಗಕ್ಕೆ ಬೀಜ, ಕಸ, ಕೆಲವೊಮ್ಮೆ ನೀರು. ಈ ಕಲಬೆರಕೆ ತಡೆಯಲು ಮುಂಬೈ ಸರಕಾರ 1829ರಲ್ಲೇ ಒಂದು ನಿಯಮ ಮಾಡಿತ್ತು, 1863ರಲ್ಲಿ ಇನ್ನೊಂದು ಕಾಯ್ದೆ ತಂದಿತು. ಬೈಸಿಕೊಂಡವನು ರೈತ. ಆದರೆ ಬಾಯಿ ಸರಿಯಾಗಿ ಕಟ್ಟದ ಚೀಲ ಹತ್ತು ಕೈ ದಾಟಿದರೆ ಮೋಸ ಯಾವ ಕೈಯಲ್ಲಾಯಿತು ಎಂದು ಹೇಳುವವರು ಯಾರು?

ಒತ್ತುವ ಕೆಲಸ ನಡೆಯುತ್ತಿದ್ದುದು ಮುಂಬೈಯಲ್ಲಿ. ದೊಡ್ಡ ತಿರುಪಿನ ಯಂತ್ರಕ್ಕೆ ಅಡ್ಡ ಮರ ಹಾಕಿ, ಕೂಲಿಗಳು ಗಾಣದ ಎತ್ತಿನಂತೆ ಸುತ್ತು ಹಾಕಿ ಅರಳೆಯನ್ನು ಒತ್ತುತ್ತಿದ್ದರು. ಆಮೇಲೆ ಉಗಿಯ ಮತ್ತು ನೀರಿನ ಒತ್ತಡದ ಯಂತ್ರಗಳು ಬಂದವು. ಒತ್ತಿ, ಗೋಣಿತಟ್ಟು ಸುತ್ತಿ, ಮೊದಲು ಹಗ್ಗ, ಬಳಿಕ ಕಬ್ಬಿಣದ ಪಟ್ಟಿ ಬಿಗಿದರೆ ಅದು ಅಂಡಿಗೆ. ಒಂದರ ತೂಕ 392 ಪೌಂಡು. ಎರಡು ಅಂಡಿಗೆಗೆ ಒಂದು ಖಂಡಿ, 784 ಪೌಂಡು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹಡಗುಗಳು ಇಡೀ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಹೋಗಬೇಕಿತ್ತು. ಅಷ್ಟು ದೂರಕ್ಕೆ ಗಾಳಿ ಹೊತ್ತೊಯ್ಯುವುದು ಯಾರಿಗೂ ಪೂರೈಸದು. ಭಾರತದ ಅಂಡಿಗೆ ಲೋಕದಲ್ಲೇ ಬಿಗಿಯಾದದ್ದು ಎಂದು ಆಮೇಲೆ ಹೆಸರಾಯಿತು. ಹರಿದ ತಟ್ಟಿನ, ಉಬ್ಬಿದ ಅಂಡಿಗೆಗೆ ಬೈಸಿಕೊಂಡವರು ಅಮೆರಿಕದವರು. ಇದನ್ನು ಓದಿದಾಗ ನನಗೆ ಸ್ವಲ್ಪ ಖುಷಿಯೇ ಆಯಿತು.

ಹಾಗಾದರೆ ಘಟ್ಟದ ಹತ್ತಿರವೇ ಒತ್ತಿಬಿಟ್ಟರೆ? 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಯವರ ಕಣ್ಣು ಧಾರವಾಡದ ಮೇಲೆ ಬಿತ್ತು. ಮದ್ರಾಸು ಆಡಳಿತದಲ್ಲಿದ್ದ ನಮ್ಮ ಜಿಲ್ಲೆ 1862ರಲ್ಲಿ ಮುಂಬೈಗೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಆಸೆ ಇತ್ತು. ಮುಂಬೈಯ ವ್ಯಾಪಾರಿಗಳಿಗೆ ಕಾರವಾರದ ಬಂದರು ಬೇಕಿತ್ತು. ಮ್ಯಾಂಚೆಸ್ಟರಿನ ಗಿರಣಿಗಾರರು ಸೇರಿ ಮಾಡಿಕೊಂಡ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹತ್ತಿ ಒತ್ತುವ ಯಂತ್ರಗಳನ್ನೇ ಸದಾಶಿವಗಡಕ್ಕೆ ಕಳಿಸಿತು. ಯಂತ್ರ ಬಂತು, ಇಳಿಸಲು ತಕ್ಕ ಧಕ್ಕೆ ಇರಲಿಲ್ಲ. ಮೇಲಿನಿಂದ ಹತ್ತಿ ಇಳಿಯಬೇಕಾದ ಘಟ್ಟದ ರಸ್ತೆ ಮುಗಿದಿರಲಿಲ್ಲ. ಕಂಪನಿಯವರು ಸರಕಾರವನ್ನು ದೂರಿದರು, ಸರಕಾರ ಕಂಪನಿಯನ್ನು ದೂರಿತು. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ರಸ್ತೆಗಿಂತ ಮೊದಲು ಯಂತ್ರ ಬಂದ ಕಥೆ ನಮ್ಮ ಜಿಲ್ಲೆಯಲ್ಲಿ ಅದೊಂದೇ ಅಲ್ಲ ಬಿಡಿ.

ಕೊನೆಗೆ ಗೆದ್ದದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿ, ಗದಗ ಮುಟ್ಟಿತು. ಲೋಂಡಾ, ಕ್ಯಾಸಲ್‌ರಾಕ್ ಮೇಲಿಂದ ಗೋವೆಯ ಮರ್ಮಗೋವಾ ಬಂದರಿಗೆ ದಾರಿಯಾಯಿತು. ರೈಲು ಡಬ್ಬಿಗೂ ಹಡಗಿನ ಹಾಗೆ ಜಾಗದ್ದೇ ಲೆಕ್ಕ. ಅರಳೆ ಬಿಡಿಸುವ, ಒತ್ತುವ ಕಾರ್ಖಾನೆಗಳು ಬಯಲುಸೀಮೆಯಲ್ಲೇ, ಹೊಲದ ಪಕ್ಕದಲ್ಲೇ ಎದ್ದವು. ಮಾಲು ಹೊರಡುವ ಮೊದಲೇ ಅಂಡಿಗೆಯಾಗತೊಡಗಿತು. ಅರಬೈಲಿನಲ್ಲಿ ಹತ್ತಿ ಗಾಡಿಗಳ ಸಾಲು ಕರಗಿತು, ಕುಮಟೆಯ ಧಕ್ಕೆ ಸೊರಗಿತು. ಇದಕ್ಕೆ ರೈಲೊಂದೇ ಕಾರಣ ಎಂದು ಹೆಚ್ಚಿನವರು ಬರೆಯುತ್ತಾರೆ. ನನಗೆ ಅನ್ನಿಸುವುದು, ಒತ್ತುವ ಯಂತ್ರ ಎಲ್ಲಿ ನಿಂತಿತು ಎಂಬುದೂ ಅಷ್ಟೇ ದೊಡ್ಡ ಕಾರಣ. ಮಾಲಿನ ಗಾತ್ರ ಇಳಿಸುವವನಿಗೆ ಲಾಭದ ಪಾಲು ಹೆಚ್ಚು.

ನಮ್ಮ ಅಡಿಕೆಗೆ ಈ ಬುದ್ಧಿ ಮೊದಲೇ ಇತ್ತು. ಕೆಂಪಡಿಕೆಯ ಲೆಕ್ಕ ಮನೆಯ ಹಿರಿಯರನ್ನು ಕೇಳಿ: ಹಸಿ ಗೊನೆಯಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಉಳಿಯುವುದು ಸುಮಾರು ಎಂಟರಲ್ಲಿ ಒಂದು ಪಾಲು ತೂಕ. ಸಿಪ್ಪೆ ತೋಟಕ್ಕೆ, ನೀರು ಬಿಸಿಲಿಗೆ. ಸುಕೇಳಿಯೂ ಹಾಗೆಯೇ, ನೀರು ಬಿಟ್ಟ ಬಾಳೆಹಣ್ಣು. ರಸ್ತೆ ಕೆಟ್ಟಿದ್ದ ಊರಿನಲ್ಲಿ ಹೊರಗೆ ಹೋಗುವ ಮಾಲೆಲ್ಲ ಒಣಗಿದ್ದೇ ಆಗಿರುತ್ತಿತ್ತು. 1923ರಲ್ಲಿ ಶಿರಸಿಯಲ್ಲಿ ಟಿ.ಎಸ್.ಎಸ್. ಹುಟ್ಟಿದ್ದು ಆ ಒಣ ಅಡಿಕೆಗೆ ಬೆಳೆಗಾರನ ಕಡೆಯಿಂದ ಸರಿಯಾದ ತೂಕ, ಸರಿಯಾದ ದರ ಸಿಗಲಿ ಎಂದು.

ಒಣಗಿಸಲು ಬಾರದ್ದು ಜೋನಿ ಬೆಲ್ಲ. ಅದನ್ನು ಕಾಪಾಡಿದ್ದು ಚಿಮಣಿ ಎಣ್ಣೆಯ ಡಬ್ಬಿ. ಆ ಡಬ್ಬಿಯ ಕಥೆ ಹತ್ತಿಯದಕ್ಕಿಂತ ರುಚಿ.

ಸೀಮೆಎಣ್ಣೆ ಮೊದಲು ಅಮೆರಿಕದಿಂದ ಬರುತ್ತಿತ್ತು. ಪೀಪಾಯಿ ದುಂಡಗೆ, ಒಂದರ ಪಕ್ಕ ಒಂದು ಇಟ್ಟರೆ ನಡುವೆ ಜಾಗ ಹಾಳು, ಮೇಲಿಂದ ಸೋರಿಕೆ. ಹಾಗಾಗಿ ಚೌಕನೆಯ ತಗಡಿನ ಡಬ್ಬಿ ಮಾಡಿ, ಎರಡೆರಡನ್ನು ಒಂದು ಮರದ ಪೆಟ್ಟಿಗೆಗೆ ಹಾಕಿ ಹಡಗಿನಲ್ಲಿ ಗೋಡೆ ಕಟ್ಟಿದಂತೆ ಜೋಡಿಸುತ್ತಿದ್ದರು. 1892ರಲ್ಲಿ ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯೆಲ್ ಎಂಬ ವ್ಯಾಪಾರಿ ಇದನ್ನೂ ಮೀರಿದ. ಡಬ್ಬಿಯೇ ಬೇಡ, ಹಡಗಿನ ಹೊಟ್ಟೆಗೇ ಎಣ್ಣೆ ತುಂಬೋಣ ಎಂದು 'ಮ್ಯೂರೆಕ್ಸ್' ಎಂಬ ಟ್ಯಾಂಕರ್ ಹಡಗನ್ನು ಸುಯೆಜ್ ಮೂಲಕ ಪೂರ್ವದೇಶಗಳಿಗೆ ಕಳಿಸಿದ. ಮುಂದೆ ಶೆಲ್ ಕಂಪನಿ ಕಟ್ಟಿದವನು ಇವನೇ. ಸಾಗಣೆ ಖರ್ಚು ಇಳಿಯಿತು, ಎಣ್ಣೆ ಅಗ್ಗವಾಯಿತು. ಆದರೆ ಜನ ಕೊಳ್ಳಲಿಲ್ಲ. ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಾರೆ ಎಂದು ಅವನು ತಿಳಿದಿದ್ದ. ಜನರಿಗೆ ಬೇಕಿದ್ದುದು ಎಣ್ಣೆಯ ಜೊತೆಗೆ ಡಬ್ಬಿಯೂ! ಮಾಡಿಗೆ ಹೊದೆಸಲು, ನೀರು ಹೊರಲು, ಕಾಳು ತುಂಬಲು. ಕಡೆಗೆ ಸ್ಯಾಮ್ಯುಯೆಲ್ ತಗಡು ತರಿಸಿ, ಬಂದರುಗಳಲ್ಲೇ ಡಬ್ಬಿ ಮಾಡಿಸಿ, ಎದುರಾಳಿಯ ನೀಲಿ ಡಬ್ಬಿಯ ಮುಂದೆ ತನ್ನ ಕೆಂಪು ಡಬ್ಬಿ ಇಟ್ಟ ಮೇಲೆ ವ್ಯಾಪಾರ ಕುದುರಿತು.

ಆ ಜಾತಿಯ ಡಬ್ಬಿ ಘಟ್ಟ ಏರಿ ನಮ್ಮಲ್ಲಿಗೂ ಬಂತು. ನಾಲ್ಕು ಗ್ಯಾಲನ್, ಅಂದರೆ 18 ಲೀಟರ್. ಎಣ್ಣೆ ಖಾಲಿಯಾದ ಮೇಲೆ ಕಾಯಿಸಿ ತೊಳೆದು ಬೆಲ್ಲ ಹೊಯ್ದರೆ ಸುಮಾರು 25 ಕೆಜಿ ಹಿಡಿಯುತ್ತದೆ. ಆಲೆಮನೆಯಿಂದ ಬೆಲ್ಲ ತರುವುದೆಂದರೆ 'ಎಷ್ಟು ಡಬ್ಬಿ' ಎಂದೇ ಕೇಳುವುದು. ತುಕ್ಕು ಹಿಡಿದರೆ ಬಾಯಿ ಕತ್ತರಿಸಿ ದನಕ್ಕೆ ಅಕ್ಕಚ್ಚು ಇಡಲು, ಇನ್ನೂ ಹಳತಾದರೆ ಬಿಡಿಸಿ ಬಚ್ಚಲಿನ ತಟ್ಟಿಗೆ. ಒಂದು ಡಬ್ಬಿ ಕಸವಾಗಲು ಇಪ್ಪತ್ತು ವರ್ಷ ಬೇಕಾಗುತ್ತಿತ್ತು.

ಈಗ ಅಡಿಕೆಗೆ ಮತ್ತೆ ಬರೋಣ. ಗೋಣಿಯಲ್ಲಿ ಹೊರಟ ಅಡಿಕೆ ಉತ್ತರ ಭಾರತಕ್ಕೆ ಹೋಗಿ ಗುಟ್ಕಾ ಚೀಟಾಗಿ ಅರಬೈಲ್ ಘಟ್ಟಕ್ಕೇ ವಾಪಸು ಬಂತು. 60 ಕೆಜಿಯ ಒಂದು ಚೀಲವನ್ನು ಎರಡೆರಡು ಗ್ರಾಮಿನಂತೆ ಹಂಚಿದರೆ 30,000 ಚೀಟು. ಹೋಗುವಾಗ ಒಂದು ಚೀಲ, ಅದೂ ಮತ್ತೆ ಮತ್ತೆ ಬಳಸುವಂಥದ್ದು. ಬರುವಾಗ ಮೂವತ್ತು ಸಾವಿರ, ಅದೂ ಒಂದು ನಿಮಿಷದ ಬಳಕೆಯದು. ಗುಟ್ಕಾವನ್ನು ಪ್ಲಾಸ್ಟಿಕ್ ಚೀಟಿನಲ್ಲಿ ಮಾರಬಾರದೆಂಬ ಸುಪ್ರೀಂ ಕೋರ್ಟಿನ ಆದೇಶ 2011ರ ಮಾರ್ಚಿನಿಂದ ಜಾರಿಗೆ ಬಂತು. 2013ರಲ್ಲಿ ಕರ್ನಾಟಕ ಸರಕಾರ ಗುಟ್ಕಾವನ್ನೇ ನಿಷೇಧಿಸಿತು. ಅದಾದ ಮೇಲೆ ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ತಿನ್ನುವವನು ಕೈಯಲ್ಲೇ ಬೆರೆಸಿಕೊಳ್ಳುತ್ತಾನೆ. ಒಂದಿದ್ದ ಕಸ ಎರಡಾಯಿತು.

ನಮ್ಮ ಕಡೆ ಪ್ಲಾಸ್ಟಿಕ್ ಚೀಲಕ್ಕೂ 'ಕೊಟ್ಟೆ' ಎನ್ನುತ್ತೇವೆ. ಕೊಟ್ಟೆ ಎಂದರೆ ಎಲೆಯನ್ನು ಮಡಚಿ ಕಡ್ಡಿ ಚುಚ್ಚಿದ್ದು. ಹಲಸಿನೆಲೆಯ ಕೊಟ್ಟೆ ಕಡುಬು ಇನ್ನೂ ಬೇಯುತ್ತದೆ. ಎಲೆಯ ಕೊಟ್ಟೆಯನ್ನು ತಿಪ್ಪೆಗೆ ಎಸೆದರೆ ಗೊಬ್ಬರ. ಅದೇ ಹೆಸರಿನ ಹೊಸದನ್ನೂ ನಾವು ಅದೇ ಅಭ್ಯಾಸದಲ್ಲಿ ಅದೇ ತಿಪ್ಪೆಗೆ ಎಸೆದೆವು. ತಪ್ಪು ನಮ್ಮದೂ ಇದೆ. ಆದರೆ ಪೇಟೆಯಲ್ಲಿ ಕಸ ಒಯ್ಯಲು ದಿನಾ ಗಾಡಿ ಬರುತ್ತದೆ, ನಾಲ್ಕು ಮನೆಗೊಂದು ಗುಡ್ಡ ಇರುವ ನಮ್ಮ ಪಂಚಾಯತಿಗಳಲ್ಲಿ ಬರುವುದು ಹೇಗೆ? ಸಾಗಣೆಯ ಖರ್ಚು ಇಲ್ಲಿಯೂ ಕಾಡುತ್ತದೆ. ಗಾಳಿ ತುಂಬಿದ ಪ್ಲಾಸ್ಟಿಕ್ಕನ್ನು ಘಟ್ಟದ ಹಳ್ಳಿಯಿಂದ ವಾಪಸು ಒಯ್ಯಲು ಯಾವ ಗುಜರಿಯವನಿಗೂ ಪೂರೈಸುವುದಿಲ್ಲ. ಒಲೆಗೆ ಹೋಗುತ್ತದೆ, ಇಲ್ಲವೇ ಹಳ್ಳಕ್ಕೆ.

ಹಾಳೆ ತಟ್ಟೆ ಮಾಡುವವರು ಈ ಲೆಕ್ಕವನ್ನು ಸರಿಯಾಗಿ ಹಿಡಿದಿದ್ದಾರೆ ಅನ್ನಿಸುತ್ತದೆ. ಉದುರಿದ ಹಾಳೆಯನ್ನು ತೋಟದ ಬುಡದಲ್ಲೇ ಒತ್ತುತ್ತಾರೆ. ತಟ್ಟೆ ಒಂದರೊಳಗೆ ಒಂದು ಕೂರುತ್ತದೆ, ನಡುವೆ ಬೆರಳು ಹಾಕಲು ಜಾಗವಿಲ್ಲ. ಅಂದು ಸದಾಶಿವಗಡದಲ್ಲಿ ನೆಲೆ ಕಾಣದ ಒತ್ತುವ ಯಂತ್ರ ಇಂದು ಚಿಕ್ಕದಾಗಿ ನಮ್ಮ ಅಂಗಳಕ್ಕೇ ಬಂದಿದೆ.

ಅತ್ತಿಗೆ ಈ ಸಲ ಸುಕೇಳಿಯನ್ನು ಬಾಳೆ ರೆಂಬೆಯಲ್ಲಿ ಬಿಗಿಯಾಗಿ ಸುತ್ತಿ, ಹಗ್ಗದಲ್ಲಿ ಕಟ್ಟಿ, ನಮ್ಮನೆಗೆ ಬಂದ ಚಾರ್ಜರ್ ಪೆಟ್ಟಿಗೆ ಕೇಳಿಕೊಂಡು ಬಂದರು. ಅದು ದೊಡ್ಡದಾಯಿತು. ನಾಲ್ಕೂ ಮೂಲೆ ಸೀಳಿ, ಅಂಚು ಕೊಯ್ದು, ಒಳಗೆ ಮಡಚಿ ಅರ್ಧ ಎತ್ತರಕ್ಕೆ ಇಳಿಸಿದೆವು. ಕೊರಿಯರ್ ಅಂಗಡಿಯವನು ಟೇಪು ಹಿಡಿದು ನೋಡಿ, ಟೇಪು ಬದಿಗಿಟ್ಟು, ತಕ್ಕಡಿ ಎಳೆದುಕೊಂಡ.