ಕಾಲೇಜು ಕಾಣದವರ ಕಾಲೇಜು ತಂಡ

ನಮ್ಮ ಹಾಸನದ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದು "ಯಾವೂರಾಯ್ತು?" ಎಂದು. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಅದೇ ಪ್ರಶ್ನೆ ಬೇರೆ ವೇಷ ಹಾಕಿಕೊಂಡು ಬರುತ್ತದೆ: "ನಿಮ್ಮದು ಯಾವ ಟೀಮು?" ಟೀಮು ಎಂದರೆ ಕಾಲೇಜು ಫುಟ್‌ಬಾಲ್ ಟೀಮು. ನಾವು ಹೈಸ್ಕೂಲು ಮೈದಾನದಲ್ಲಿ ಒದ್ದಾಡುತ್ತಿದ್ದ ಫುಟ್‌ಬಾಲ್ ಅಲ್ಲ ಇದು. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಶನಿವಾರ ಬಂದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಡುತ್ತದೆ.

ಈ ಪ್ರಶ್ನೆಗೆ ನನ್ನ ಹತ್ತಿರ ಹದಿನೆಂಟು ವರ್ಷ ಉತ್ತರವಿರಲಿಲ್ಲ. ಹೋದ ವರ್ಷ ಮಗಳು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದಳು. ನನಗೂ ಒಂದು ನೀಲಿ ಟೋಪಿ ಬಂತು. ಅದನ್ನು ಹಾಕಿಕೊಂಡು ಎಲೆ ಗುಡಿಸುತ್ತಿದ್ದಾಗ ಬೇಲಿಯಾಚೆಯ ಮನೆಯ ಅಜ್ಜ ನೋಡಿ, "ಅಯ್ಯೋ, ಶತ್ರುಪಕ್ಷ ಸೇರಿಬಿಟ್ಟೆಯಲ್ಲ!" ಎಂದರು. ಎಂಬತ್ತು ದಾಟಿದ ಆ ಹಿರಿಯರ ಜಗಲಿಯಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಬಾವುಟ ಸದಾ ಹಾರುತ್ತಿರುತ್ತದೆ. "ನೀವು ಅಲ್ಲಿ ಯಾವ ವರ್ಷ ಓದಿದ್ದು?" ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. "ನಾನು ಅಲ್ಲಿ ಒಂದು ದಿನವೂ ಓದಿಲ್ಲ. ಅಪ್ಪನೂ ಓದಿಲ್ಲ. ತಾತನಂತೂ ಸಹಿ ಹಾಕಲು ಕಲಿತದ್ದೇ ಹೆಚ್ಚು. ಆದರೆ ತಾತ ಸಬ್‌ವೇ ಹತ್ತಿದ್ದರು."

ಅವರ ಹುಟ್ಟೂರು ನ್ಯೂಯಾರ್ಕಿನ ಬ್ರಾಂಕ್ಸ್. ನೋಟರ್ ಡೇಮ್ ಇರುವುದು ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರದ ಇಂಡಿಯಾನಾ ರಾಜ್ಯದಲ್ಲಿ, ಸೌತ್ ಬೆಂಡ್ ಎಂಬ ಊರಿನ ಪಕ್ಕ. ಕಾಲೇಜು ಕಾಣದ ಬ್ರಾಂಕ್ಸಿನ ಕೂಲಿಯೊಬ್ಬನಿಗೆ ಆ ತಂಡ 'ನಮ್ಮದು' ಆದದ್ದು ಹೇಗೆ? ಆ ಕುತೂಹಲವೇ ನನ್ನನ್ನು ಈ ಇತಿಹಾಸಕ್ಕೆ ಎಳೆದದ್ದು.

ನೋಟರ್ ಡೇಮನ್ನು 1842ರಲ್ಲಿ ಸ್ಥಾಪಿಸಿದವರು ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ್ ಪಾದ್ರಿ ಎಡ್ವರ್ಡ್ ಸೊರಿನ್. ಅಲ್ಲಿನ ಹುಡುಗರಿಗೆ 1887ರ ನವೆಂಬರಿನಲ್ಲಿ ಫುಟ್‌ಬಾಲ್ ಕಲಿಸಿದವರು ಬೇರಾರೂ ಅಲ್ಲ, ಮಿಶಿಗನ್ನಿನವರು. ಮೊದಲು ಆಟ ಹೇಳಿಕೊಟ್ಟು, ಅದೇ ದಿನ 8-0ರಿಂದ ಸೋಲಿಸಿ ಹೋದರು. ಮುಂದೆ 1910ರಲ್ಲಿ, ಆಟಗಾರರ ಅರ್ಹತೆಯ ಜಗಳ ತೆಗೆದು ಮಿಶಿಗನ್ ಪಂದ್ಯವನ್ನೇ ರದ್ದು ಮಾಡಿತು. ಎರಡು ತಂಡಗಳು ಮತ್ತೆ ಎದುರಾದದ್ದು 1942ರಲ್ಲಿ. ಮಧ್ಯಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯಗಳ ಒಕ್ಕೂಟವೂ ನೋಟರ್ ಡೇಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೆ ಕೊಟ್ಟ ಕಾರಣಗಳೇನೇ ಇರಲಿ, ಕ್ಯಾಥೊಲಿಕರ ಬಗೆಗಿನ ಅಸಹನೆ ಅದರಲ್ಲಿ ಬೆರೆತಿತ್ತು. ಅಜ್ಜ ನನ್ನ ಟೋಪಿ ನೋಡಿ ಹೌಹಾರಿದ್ದು ಸುಮ್ಮನೆ ಅಲ್ಲ!

ನೆರೆಹೊರೆಯವರು ಕರೆಯದಿದ್ದ ಮೇಲೆ ದೂರದವರನ್ನು ಹುಡುಕಿಕೊಂಡು ಹೋಗಬೇಕು. ತಂಡ ರೈಲು ಹತ್ತಿತು. 1913ರ ನವೆಂಬರ್ 1ರಂದು ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟಿನಲ್ಲಿ, ಸೈನಿಕ ಅಕಾಡೆಮಿಯ ಬಲಿಷ್ಠ ಆರ್ಮಿ ತಂಡವನ್ನು 35-13ರಿಂದ ಸೋಲಿಸಿತು. ಗಸ್ ಡೋರೇ ಎಸೆದ ಚೆಂಡನ್ನು ಓಡುತ್ತಲೇ ಹಿಡಿದವನು ನ್ಯೂಟ್ ರಾಕ್ನಿ. ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಶಿಕಾಗೊಗೆ ಬಂದು, ಅಂಚೆ ಕಚೇರಿಯಲ್ಲಿ ದುಡಿದು ದುಡ್ಡು ಕೂಡಿಸಿ, 22ನೇ ವಯಸ್ಸಿಗೆ ಕಾಲೇಜು ಸೇರಿದವನು. ಧರ್ಮದಲ್ಲಿ ಆಗ ಲುಥೆರನ್. ಮುಂದೆ ಇವನೇ ಆ ತಂಡದ ಕೋಚ್ ಆಗಿ ದೇಶಕ್ಕೆಲ್ಲ ಹೆಸರಾದ.

1920ರ ದಶಕದಲ್ಲಿ ಆರ್ಮಿ ವಿರುದ್ಧದ ವಾರ್ಷಿಕ ಪಂದ್ಯ ನ್ಯೂಯಾರ್ಕ್ ನಗರಕ್ಕೇ ಬಂತು. 1923ರಲ್ಲಿ ಬ್ರೂಕ್ಲಿನ್, ಮರುವರ್ಷ ಪೋಲೊ ಗ್ರೌಂಡ್ಸ್, 1925ರಿಂದ ಬ್ರಾಂಕ್ಸಿನ ಯಾಂಕೀ ಸ್ಟೇಡಿಯಂ. ಸಬ್‌ವೇ ಟಿಕೆಟ್ಟಿಗೆ ಆಗ ಐದು ಸೆಂಟ್. ಐರಿಷರು, ಇಟಾಲಿಯನ್ನರು, ಪೋಲಿಷರು ಕೆಲಸದ ಅಂಗಿಯಲ್ಲೇ ನೆಲದಡಿಯ ರೈಲು ಹತ್ತಿ ಬರುತ್ತಿದ್ದರು. ಅವರಿಗೆ ಪತ್ರಿಕೆಯವರು ಇಟ್ಟ ಹೆಸರು 'ಸಬ್‌ವೇ ಅಲಮ್ನೈ', ಅಂದರೆ ಸುರಂಗ ರೈಲಿನ ಹಳೆಯ ವಿದ್ಯಾರ್ಥಿಗಳು. ಕಾಲೇಜಿನ ಮೆಟ್ಟಿಲು ತುಳಿಯದಿದ್ದರೂ ಹಳೆಯ ವಿದ್ಯಾರ್ಥಿಗಳೇ! ಅಣಕದಂತೆ ಕೇಳುವ ಆ ಹೆಸರನ್ನು ಅವರು ಬಿರುದಿನಂತೆ ಹೊತ್ತರು.

ಇದು ಬರೀ ಆಟದ ಹುಚ್ಚಾಗಿರಲಿಲ್ಲ ಎನ್ನಲು 1924ನೇ ಇಸವಿಯೊಂದನ್ನು ನೋಡಿದರೆ ಸಾಕು. ಬಿಳಿಯ ಪ್ರೊಟೆಸ್ಟಂಟರ ಅಮೆರಿಕ ಬೇಕೆನ್ನುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಆಗ ಇಂಡಿಯಾನಾದಲ್ಲಿ ಬೇರು ಬಿಟ್ಟಿತ್ತು. ಅದರ ದ್ವೇಷದ ಪಟ್ಟಿಯಲ್ಲಿ ಕರಿಯರು, ಯಹೂದಿಗಳ ಜೊತೆಗೆ ಕ್ಯಾಥೊಲಿಕರೂ ಇದ್ದರು. ಮೇ 17ರಂದು ಕ್ಲಾನಿನವರು ಸೌತ್ ಬೆಂಡಿಗೆ ಬಂದಾಗ ನೋಟರ್ ಡೇಮ್ ವಿದ್ಯಾರ್ಥಿಗಳು ಬೀದಿಗಿಳಿದು ಅವರ ನಿಲುವಂಗಿಗಳನ್ನು ಕಿತ್ತುಕೊಂಡರು. ಅದೇ ತಿಂಗಳು 26ರಂದು ಹೊಸ ವಲಸೆ ಕಾನೂನು ಬಂದು ಇಟಲಿ, ಪೋಲೆಂಡಿನಂಥ ದೇಶಗಳ ಜನರ ಪಾಲನ್ನು ತೀರಾ ಕುಗ್ಗಿಸಿತು. ಅಕ್ಟೋಬರ್ 18ರಂದು ನ್ಯೂಯಾರ್ಕಿನಲ್ಲಿ ನೋಟರ್ ಡೇಮ್ ಆರ್ಮಿಯನ್ನು 13-7ರಿಂದ ಮಣಿಸಿತು. ನಿಮ್ಮಂಥವರು ಬೇಡ ಎಂದು ದೇಶ ಕಾನೂನು ಬರೆದ ಐದನೇ ತಿಂಗಳಲ್ಲಿ, ನಮ್ಮಂಥವರ ಹೆಸರಿನ ತಂಡವೊಂದು ಕಣ್ಣೆದುರು ಗೆದ್ದರೆ ಹೇಗಿರಬೇಡ?

ಇನ್ನೊಂದು ವಾರವನ್ನೂ ಹೇಳಬೇಕು. 1928ರ ನವೆಂಬರ್ 6ರಂದು ನ್ಯೂಯಾರ್ಕಿನ ಗವರ್ನರ್ ಅಲ್ ಸ್ಮಿತ್ ಅಧ್ಯಕ್ಷ ಚುನಾವಣೆಯಲ್ಲಿ ಸೋತರು. ದೊಡ್ಡ ಪಕ್ಷವೊಂದರ ಅಭ್ಯರ್ಥಿಯಾದ ಮೊದಲ ಕ್ಯಾಥೊಲಿಕ್ ಅವರು. ತಮ್ಮ ರಾಜ್ಯವೂ ಅವರ ಕೈ ಹಿಡಿಯಲಿಲ್ಲ. ಅದಾಗಿ ನಾಲ್ಕನೇ ದಿನ, ಶನಿವಾರ, ಯಾಂಕೀ ಸ್ಟೇಡಿಯಂನಲ್ಲಿ ನೋಟರ್ ಡೇಮ್ 12-6ರಿಂದ ಆರ್ಮಿಯನ್ನು ಸೋಲಿಸಿತು. ತೀರಿಹೋದ ಆಟಗಾರ ಜಾರ್ಜ್ ಗಿಪ್‌ನ ಹೆಸರೆತ್ತಿ ರಾಕ್ನಿ ಹುಡುಗರನ್ನು ಹುರಿದುಂಬಿಸಿದ್ದು ಆ ಪಂದ್ಯದಲ್ಲೇ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಜ್ಜನ ಮನೆಯಲ್ಲಿ ಉಳಿದ ನೆನಪು ಗಿಪ್‌ನದಲ್ಲ. "ಮಂಗಳವಾರ ಸೋತೆವು, ಶನಿವಾರ ಗೆದ್ದೆವು ಅಂತ ತಾತ ಹೇಳುತ್ತಿದ್ದರು" ಎಂದರು. ಶುಕ್ರವಾರ ಶಾಲೆಯ ಸಿಸ್ಟರುಗಳು ಮಕ್ಕಳಿಂದ ತಂಡಕ್ಕಾಗಿ ಪ್ರಾರ್ಥನೆ ಮಾಡಿಸುತ್ತಿದ್ದರಂತೆ. ಮನೆಗೆ ರೇಡಿಯೊ ಬಂದ ಮೇಲೆ ಸಬ್‌ವೇ ಹತ್ತುವ ಅಗತ್ಯವೂ ಉಳಿಯಲಿಲ್ಲ.

ಎಲ್ಲ ತಂಡಗಳ ಕಥೆಯೂ ಹೀಗಲ್ಲ. ನೆಬ್ರಾಸ್ಕಾದಂಥ ರಾಜ್ಯದಲ್ಲಿ ತಂಡವನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಹುಟ್ಟುವಾಗಲೇ ಬಂದಿರುತ್ತದೆ. ಅಲ್ಲಿ ಬೇರೆ ದೊಡ್ಡ ತಂಡವಿಲ್ಲ. ಲಿಂಕನ್ ನಗರದ ಮೈದಾನ 1962ರಿಂದ ಪ್ರತಿ ಪಂದ್ಯಕ್ಕೂ ಭರ್ತಿ. ಊರೇ ಕೊಟ್ಟ ತಂಡ ಅದು. ನೋಟರ್ ಡೇಮ್ ಮಾತ್ರ, ಇರುವ ಊರು ತಮ್ಮನ್ನು ಪೂರ್ತಿ ತನ್ನವರೆಂದು ಒಪ್ಪದ ಜನ ತಾವೇ ಕಟ್ಟಿಕೊಂಡ ಊರು.

ಹಾಗೆಂದು ಈ ಕಥೆಯನ್ನು ಸಿಹಿಯಾಗಿಯೇ ಮುಗಿಸಲಾರೆ. ಹೊರಗಿನವರ ತಂಡಕ್ಕೂ ಒಂದು ಬಾಗಿಲಿತ್ತು, ಅದೂ ಮುಚ್ಚಿತ್ತು. ಅಲ್ಲಿ ಕರಿಯ ಆಟಗಾರರು, ವೇಯ್ನ್ ಎಡ್ಮಂಡ್ಸ್ ಮತ್ತು ಡಿಕ್ ವಾಷಿಂಗ್ಟನ್, ಮೈದಾನಕ್ಕಿಳಿದದ್ದು 1953ರಲ್ಲಿ. ಅದೇ ಸಬ್‌ವೇಯಲ್ಲಿ, ಅದೇ ಐದು ಸೆಂಟಿಗೆ ಓಡಾಡುತ್ತಿದ್ದ ಕರಿಯ ಕೂಲಿಗಳಿಗೆ ಅಷ್ಟು ವರ್ಷ ಆ ಸ್ಟೇಡಿಯಂನಲ್ಲಿ ತಮ್ಮವರೆನ್ನಲು ಯಾರೂ ಇರಲಿಲ್ಲ. ಅವಮಾನ ಉಂಡವರು ಇನ್ನೊಬ್ಬರ ಅವಮಾನವನ್ನು ತಾವಾಗಿಯೇ ಅರಿಯುತ್ತಾರೆ ಎಂಬುದಕ್ಕೆ ಚರಿತ್ರೆಯಲ್ಲಿ ಭರವಸೆಯಿಲ್ಲ.

1924ರ ಆ ಕಾನೂನು ಇಟಾಲಿಯನ್ನರಿಗೆ ಬಾಗಿಲನ್ನು ಕಿರಿದಾಗಿಸಿದರೆ, ನಮ್ಮಂಥ ಏಷ್ಯಾದವರಿಗೆ ಪೂರ್ತಿ ಮುಚ್ಚಿತ್ತು. 1946ರಲ್ಲಿ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 100 ಜನರ ಪಾಲು. ನಿಜವಾಗಿ ಬಾಗಿಲು ತೆರೆದದ್ದು 1965ರ ಕಾನೂನಿನಿಂದ. ಆ ಬಾಗಿಲಿನಿಂದಲೇ ನಾನು ಬಂದದ್ದು. ಅಜ್ಜನ ತಾತನನ್ನೂ ನನ್ನನ್ನೂ ಒಂದೇ ಕಾಗದ ತಡೆದಿತ್ತು ಎಂದು ತಿಳಿದ ಮೇಲೆ ಅವರ ಬಾವುಟ ನನಗೆ ಬೇರೆಯಾಗಿ ಕಾಣತೊಡಗಿತು.

ಕಳೆದ ನವೆಂಬರಿನಲ್ಲಿ ಅಜ್ಜನ ಜೊತೆ ಶಿಕಾಗೊದಿಂದ ಸೌತ್ ಶೋರ್ ರೈಲಿನಲ್ಲಿ ಸೌತ್ ಬೆಂಡಿಗೆ ಹೋದೆ. ಕಿಟಕಿಯಾಚೆ ಉಕ್ಕಿನ ಕಾರ್ಖಾನೆಗಳು, ಆಮೇಲೆ ಕೊಯ್ಲಾದ ಜೋಳದ ಹೊಲಗಳು. 1930ರಲ್ಲಿ ತೆರೆದ ಆ ಸ್ಟೇಡಿಯಂನ ಮೆಟ್ಟಿಲನ್ನು ಅಜ್ಜ ನನ್ನ ಭುಜ ಹಿಡಿದು ನಿಧಾನ ಹತ್ತಿದರು. ಪಕ್ಕದ ಸೀಟಿನವರು ನನ್ನನ್ನು ನೋಡಿ, ಮಾಮೂಲಿನಂತೆ, "ನೀವು ಎಲ್ಲಿಯವರು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಹೇಳಿದರು: "ಇವನಾ? ನಮ್ಮ ಪಕ್ಕದ ಮನೆಯವನು."