ಗಡ್ಡೆಯಿಂದ ಗೆರೆಯವರೆಗೆ: ಜಾವಗಲ್ ಸೀಮೆಯಲ್ಲಿ ರೋಗ ಗುರುತಿಸುವಿಕೆ

ಬೆಂಗಳೂರಿನಿಂದ ಹರಿಹರದವರೆಗಿನ ರೈಲುಮಾರ್ಗ 1889ರಲ್ಲಿ ಪೂರ್ತಿಯಾಯಿತು. ಹಾಸನ ಜಿಲ್ಲೆಯ ಜಾವಗಲ್‌ಗೆ ಹತ್ತಿರದ ನಿಲ್ದಾಣವಾದ ಬಾಣಾವರವೂ ತಾಲ್ಲೂಕು ಕೇಂದ್ರ ಅರಸೀಕೆರೆಯೂ ಈ ಹಾದಿಯಲ್ಲೇ ಇವೆ. 1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದದ್ದು ಇದೇ ಹಳಿಯ ಮೇಲೆ.

ಪ್ಲೇಗಿನ ರೋಗಾಣು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಪತ್ತೆಯಾಗಿತ್ತು. ಆದರೆ ಸೂಕ್ಷ್ಮದರ್ಶಕ ಹಳ್ಳಿಗೆ ಎಲ್ಲಿಂದ ಬರಬೇಕು? ಹಳೇ ಮೈಸೂರಿನ ಊರುಗಳಲ್ಲಿ ರೋಗದ ಮೊದಲ ಸುದ್ದಿ ಇಲಿಯಿಂದ ಸಿಗುತ್ತಿತ್ತು. ಮಾಡಿನಿಂದ ಇಲಿ ಬಿತ್ತೆಂದರೆ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಕಟ್ಟುವ ಹೊತ್ತಿಗೆ ತಡವಾಗಿರುತ್ತಿತ್ತು. ಈ ಲೆಕ್ಕಾಚಾರವನ್ನು ಮೂಢನಂಬಿಕೆ ಎನ್ನುವಂತಿಲ್ಲ. ಇಲಿಯಿಂದ ಇಲಿಗೆ ರೋಗ ದಾಟಿಸುವುದು ಚಿಗಟವೆಂದು ಫ್ರೆಂಚ್ ವೈದ್ಯ ಸಿಮೋಂಡ್ ಕರಾಚಿಯಲ್ಲಿ ತೋರಿಸಿ, ಮನುಷ್ಯನಿಗೂ ರೋಗ ಹೀಗೇ ತಗಲುತ್ತದೆಂದು ವಾದಿಸಿದ್ದೂ 1898ರಲ್ಲೇ. ವೈದ್ಯಲೋಕ ಅದನ್ನು ಒಪ್ಪಲು ವರ್ಷಗಳೇ ಬೇಕಾದವು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ನಡೆಸುತ್ತಿದ್ದ ತಪಾಸಣೆಗಿಂತ ಇಲಿಯ ಸಾಕ್ಷ್ಯವೇ ಗಟ್ಟಿ.

ಮುಂದಿನ ಸರದಿ ಚಳಿಜ್ವರದ್ದು. 1920ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಇಳಿಯಿತು. ಮಕ್ಕಳ ಹೊಟ್ಟೆಯ ಎಡಭಾಗ ಒತ್ತಿ, ಗುಲ್ಮ ಊದಿದೆಯೇ ಎಂದು ನೋಡಿ ಊರಿನ ಮಲೇರಿಯಾವನ್ನು ಅಳೆಯುವುದು ಆ ಕಾಲದ ಕ್ರಮ. 1958ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾದ ಮೇಲೆ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು, ಜ್ವರವಿದ್ದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡು ಹೋಗುತ್ತಿದ್ದರು. ಫಲಿತಾಂಶ ಬರುವುದು ತಡವೆಂದು ಗೊತ್ತಿದ್ದರಿಂದಲೇ ಕ್ಲೋರೋಕ್ವಿನ್ ಗುಳಿಗೆಯನ್ನು ಮೊದಲೇ ಕೊಟ್ಟುಬಿಡುತ್ತಿದ್ದರು.

ಈ ತಡವನ್ನು ಕಡಿಮೆ ಮಾಡಿದ್ದು ಬೆಳಕನ್ನು ಬಳಸುವ ಹೊಸ ಪರೀಕ್ಷೆಗಳು. 1983ರಲ್ಲಿ ಸ್ವೀಡನ್ನಿನ ಸಂಶೋಧಕರು ಚಿನ್ನ, ಬೆಳ್ಳಿಯಂಥ ಲೋಹದ ತೆಳು ಪದರದ ಮೇಲೆ ಬೆಳಕು ಬೀಳಿಸಿ, ಪ್ರತಿಕಾಯವು ತನ್ನ ಜೋಡಿಗೆ ಅಂಟಿಕೊಳ್ಳುವುದನ್ನು ಅಳೆಯಬಹುದೆಂದು ತೋರಿಸಿದರು. ಪದರದ ಮೇಲೆ ಏನಾದರೂ ಬಂದು ಕೂತರೆ ಬೆಳಕು ಹೀರಿಕೆಯಾಗುವ ಕೋನ ಸರಿಯುತ್ತದೆ. ಆ ಉಪಕರಣ ದುಬಾರಿ, ಪ್ರಯೋಗಾಲಯಕ್ಕೇ ಮೀಸಲು. ಹಳ್ಳಿಗೆ ತಲುಪಿದ್ದು ಅದರ ಬಡ ನೆಂಟನಾದ ಕಾಗದದ ಪಟ್ಟಿ. ಇದರಲ್ಲೂ ಕೆಲಸ ಮಾಡುವುದು ಹೆಚ್ಚಾಗಿ ಚಿನ್ನವೇ: ಅತಿ ಸಣ್ಣ ಕಣಗಳಾದಾಗ ಅದು ಹಳದಿ ಬಿಟ್ಟು ಕೆಂಪಾಗಿ ಕಾಣುತ್ತದೆ. ರಕ್ತದಲ್ಲಿ ಮಲೇರಿಯಾ ಪರೋಪಜೀವಿಯ ಪ್ರೋಟೀನಿದ್ದರೆ ಈ ಕಣಗಳು ಒಂದೆಡೆ ಕೂಡಿ ಗೆರೆ ಮೂಡುತ್ತದೆ. ಹದಿನೈದು, ಇಪ್ಪತ್ತು ನಿಮಿಷ ಸಾಕು.

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಯಂತ್ರವೂ ಬೆಳಕನ್ನೇ ಓದುತ್ತದೆ. ಬ್ಯಾಟರಿಯಲ್ಲಿ ನಡೆಯುವ ಇದು ರೋಗಾಣುವಿನ ಡಿಎನ್‌ಎ ಹೆಚ್ಚಿದಂತೆ ಹೊಮ್ಮುವ ಹೊಳಪನ್ನು ಅಳೆಯುತ್ತದೆ. ಕ್ಷಯ ಪತ್ತೆಗೆ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಮಲೇರಿಯಾದಲ್ಲಿ ಮಾತ್ರ, ರಕ್ತದಲ್ಲಿರುವ ಪರೋಪಜೀವಿ ಯಾವ ಜಾತಿಯದು, ಎಷ್ಟಿದೆ ಎಂದು ತಿಳಿಯಬೇಕಾದರೆ ಇಂದಿಗೂ ಹೆಚ್ಚಾಗಿ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲೇ ನೋಡುತ್ತಾರೆ.