ಗೋಕಾಕದ ಮರದ ಗೊಂಬೆ

ಬೆಳಗಾವಿ ಜಿಲ್ಲೆಯ ಗೋಕಾಕ ಪಟ್ಟಣದಲ್ಲಿ ಹಗುರ ಮರವನ್ನು ಕೆತ್ತಿ, ಅದರ ಮೇಲೆ ಅಂಟು ಮತ್ತು ಬಿಳಿಮಣ್ಣಿನ ಲೇಪ ಕೊಟ್ಟು, ಬಣ್ಣ ಬಳಿದು ತಯಾರಿಸುವ ಮಾದರಿಗಳಿಗೆ ಗೋಕಾಕ ಗೊಂಬೆ ಎಂದು ಹೆಸರು. ದೇವತೆಗಳು, ಕಸುಬುದಾರರು, ಪ್ರಾಣಿಪಕ್ಷಿಗಳು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಊರಿಗೆ ಹೆಸರು ತಂದದ್ದು ಮಾತ್ರ ಹಣ್ಣು ಮತ್ತು ಕಾಯಿಪಲ್ಲೆ. ಮಾವು, ಸೀತಾಫಲ, ಪೇರಲ, ಬಾಳೆ, ಬದನೆ, ಹಾಗಲಗಳನ್ನು ಗೋಕಾಕದ ಕೆಲಸಗಾರರು ನಿಜವಾದ ಅಳತೆಯಲ್ಲಿ, ನಿಜವಾದ ಬಣ್ಣದಲ್ಲಿ ಮಾಡಿದರು. ಗೊಂಬೆ ಎಂಬ ಹೆಸರು ಈ ವಸ್ತುಗಳಿಗೆ ಪೂರ್ತಿ ಒಪ್ಪುವುದಿಲ್ಲ. ಇವು ಮಕ್ಕಳ ಕೈಗೆ ಹೋದದ್ದಕ್ಕಿಂತ ಹಿರಿಯರ ಗೂಡು-ಅಲಮಾರಿಗಳಲ್ಲಿ ಕುಳಿತದ್ದೇ ಹೆಚ್ಚು.

ಗೋಕಾಕ ಘಟಪ್ರಭಾ ನದಿಯ ದಂಡೆಯ ಹಳೆಯ ಪೇಟೆ. 1685ರಲ್ಲಿ ಅದು ಒಂದು ಸರ್ಕಾರದ, ಅಂದರೆ ಆಗಿನ ಆಡಳಿತ ವಿಭಾಗದ, ಮುಖ್ಯ ಠಾಣೆಯಾಗಿತ್ತು. 1717ರಿಂದ 1754ರವರೆಗೆ ಸವಣೂರು ನವಾಬರ ಕೈಯಲ್ಲಿತ್ತು. ಊರಿನ ಮಸೀದಿಯೂ ಗಂಜಿಖಾನೆಯೂ ಆ ಕಾಲದವು. ಬಳಿಕ ಪಟವರ್ಧನರ ಪಾಲಾಗಿ 1836ರಲ್ಲಿ ಬ್ರಿಟಿಷರಿಗೆ ಸೇರಿತು. ಒಂದರ ಹಿಂದೊಂದು ದರಬಾರು ಕಂಡ ಊರಿನಲ್ಲಿ ನೇಕಾರರು, ಬಣ್ಣಗಾರರು, ಒರಟು ಕಾಗದ ಮಾಡುವವರು ನೆಲೆಯೂರಿದ್ದರು. ಪಶ್ಚಿಮಕ್ಕೆ ಹುಕ್ಕೇರಿ, ಈಶಾನ್ಯಕ್ಕೆ ಇತ್ತೀಚಿನವರೆಗೂ ಗೋಕಾಕ ತಾಲ್ಲೂಕಿನಲ್ಲೇ ಇದ್ದ ಮೂಡಲಗಿ. ಗೋಕಾಕವೂ ಸೇರಿ ಈ ಮೂರೂ ಕಡೆಯ ಹಳ್ಳಿಗಳ ಜಾತ್ರೆ-ಸಂತೆಗಳೇ ಗೊಂಬೆಯ ಮೊದಲ ಮಾರುಕಟ್ಟೆ.

ಕಸುಬಿನ ಸ್ಪಷ್ಟ ಲಿಖಿತ ದಾಖಲೆಗಳು 19ನೇ ಶತಮಾನದವು. ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ಮಾಲೆಯಲ್ಲಿ ಬೆಳಗಾವಿಯ ಸಂಪುಟ 1884ರಲ್ಲಿ ಹೊರಬಂತು. ಆ ಕಾಲದ ಗೆಜೆಟಿಯರ್‌ಗಳಲ್ಲಿ ಗೋಕಾಕದ ಬಣ್ಣಗಾರಿಕೆ ಮತ್ತು ನೇಕಾರಿಕೆ ಇಳಿಮುಖವಾಗಿದ್ದವೆಂದೂ, ಮನುಷ್ಯರೂಪದ ಮತ್ತು ಹಣ್ಣಿನ ರೂಪದ ಆಟಿಕೆಗಳು ಹಗುರ ಮರದಲ್ಲಿಯೂ ಒಂದು ಬಗೆಯ ವಿಶೇಷ ಮಣ್ಣಿನಲ್ಲಿಯೂ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿದ್ದವೆಂದೂ ನಮೂದಾಗಿದೆ. ಮರ ಮತ್ತು ಮಣ್ಣು ಜೊತೆಜೊತೆಗೆ ಬಂದಿರುವುದು ಕಾಕತಾಳೀಯವಲ್ಲ. ಎರಡೂ ಒಂದೇ ಮನೆಗಳ ಕೆಲಸ.

ಆ ಮನೆಗಳು ಜೀನಗಾರರವು. ಕುದುರೆಯ ಜೀನು ಹೊಲಿಯುವುದು ಅವರ ಹಳೆಯ ವೃತ್ತಿ. ಸೋಮವಂಶ ಆರ್ಯ ಕ್ಷತ್ರಿಯರೆಂದು ಕರೆದುಕೊಳ್ಳುವ ಈ ಸಮುದಾಯ ದಖ್ಖನಿನಾದ್ಯಂತ ಹರಡಿದೆ. ರಾಹುತರ ದಂಡುಗಳು ಕರಗಿ ಜೀನಿನ ಬೇಡಿಕೆ ಕುಗ್ಗಿದ ಮೇಲೆ ಜೀನಗಾರರು ಕೈಗೆ ಸಿಕ್ಕ ಕುಶಲದ ಕೆಲಸಗಳನ್ನೆಲ್ಲ ಹಿಡಿದರು: ಚಿತ್ರ ಬರೆಯುವುದು, ಮೂರ್ತಿ ಮಾಡುವುದು, ಮರಗೆತ್ತನೆ, ಲೋಹದ ಕೆಲಸ. ಒಂದೇ ಕೈ ಚರ್ಮ, ಮರ, ಮಣ್ಣು, ಬಣ್ಣ ನಾಲ್ಕನ್ನೂ ಬಲ್ಲದ್ದರಿಂದಲೇ ಗೋಕಾಕದ ಹಣ್ಣು ಹುಟ್ಟಿತು ಎಂದರೆ ತಪ್ಪಾಗಲಾರದು. ಬರಿಯ ಬಡಿಗನಿಗೆ ಮಾವಿನಕಾಯಿಯ ಆಕಾರ ದಕ್ಕೀತು; ಹಸಿರು ಹಳದಿಗೆ ತಿರುಗುವ ಅಂಚು ದಕ್ಕುವುದು ಬಣ್ಣದ ಕೆಲಸ ಗೊತ್ತಿದ್ದವನಿಗೆ.

ಬಣ್ಣದ ಕೈ ಪಳಗಿದ್ದು ದೇವರ ಕೆಲಸದಲ್ಲಿ. ಉತ್ತರ ಕರ್ನಾಟಕದ ಗ್ರಾಮದೇವತೆಗಳಾದ ದ್ಯಾಮವ್ವ, ದುರ್ಗವ್ವ, ಲಕ್ಷ್ಮೀದೇವಿಯರ ಮೂರ್ತಿಗಳು ಬಹುಪಾಲು ಮರದವು. ಕೆಲವು ವರ್ಷಗಳಿಗೊಮ್ಮೆ ಬರುವ ದೊಡ್ಡ ಜಾತ್ರೆಯ ಮುಂಚೆ ದೇವಿಯನ್ನು ಗುಡಿಯಿಂದ ಹೊರತಂದು ಬಣ್ಣಕ್ಕೆ ಕಳಿಸುವ ರೂಢಿ ಈಗಲೂ ಉಂಟು. ಹಳೆಯ ಬಣ್ಣ ಕೆರೆದು, ಬಿರುಕು ತುಂಬಿ, ಹೊಸದಾಗಿ ಮುಖ ಬರೆಯುವ ಹೊಣೆ ಚಿತ್ರಗಾರ-ಜೀನಗಾರ ಮನೆತನಗಳದು. ಕಣ್ಣು ಬರೆಯುವುದು ಕೊನೆಗೆ, ವಿಧಿಯಿಂದ. ಗೋಕಾಕದಲ್ಲೂ ಗ್ರಾಮದೇವತೆಯ ಜಾತ್ರೆ ಐದು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಹಬ್ಬ. ದೇವಿಯ ಕೆಲಸ ವರ್ಷವಿಡೀ ಇರುವುದಿಲ್ಲ. ಮಿಕ್ಕ ದಿನಗಳ ಹೊಟ್ಟೆಪಾಡಿಗೆ ಅದೇ ಮರ, ಅದೇ ಅಂಟು, ಅದೇ ಕುಂಚದಿಂದ ಸಂತೆಯ ಸರಕು ತಯಾರಾಗುತ್ತಿತ್ತು. ಮಣ್ಣಿನ ಕೆಲಸಕ್ಕೆ ಪಂಚಾಂಗವೇ ಬೇಡಿಕೆ ಒದಗಿಸುತ್ತಿತ್ತು. ಕಾರಹುಣ್ಣಿಮೆಯ ಬೆನ್ನಿಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪತಿ, ಆಮೇಲೆ ಜೋಕುಮಾರ. ಗೋಕಾಕ ತಾಲ್ಲೂಕಿನ ಕೊಣ್ಣೂರು ಇಂದು ಗಣಪತಿ ಮೂರ್ತಿಗಳಿಗೆ ಹೆಸರಾಗಿರುವುದು ಈ ಪರಂಪರೆಯ ಮುಂದುವರಿಕೆಯೇ.

ಗೊಂಬೆಯ ಮರ ಹಾಲವಾಣದಂಥ ಮೆತ್ತನೆಯ ಜಾತಿಯದು. ಮುಳ್ಳಿನ ಕಾಂಡ, ಬೇಸಗೆಯಲ್ಲಿ ಕೆಂಡದ ಬಣ್ಣದ ಹೂ ಬಿಡುವ ಈ ಮರವನ್ನು ರೈತರು ಬೇಲಿಗೂ ಎಲೆಬಳ್ಳಿಗೆ ಆಸರೆಯಾಗಿಯೂ ನೆಡುತ್ತಾರೆ. ಕಟ್ಟಡಕ್ಕೆ ಅದು ಉಪಯೋಗವಿಲ್ಲ, ಒಲೆಗೂ ಅಷ್ಟಕ್ಕಷ್ಟೆ. ಆದರೆ ಚೆನ್ನಾಗಿ ಒಣಗಿದ ಮೇಲೆ ತೂಕವೇ ಇಲ್ಲದಂತಾಗುತ್ತದೆ, ಉಳಿಗೆ ಸಲೀಸಾಗಿ ಬಗ್ಗುತ್ತದೆ. ಇದರ ವೈರಿ ಹುಳು. ಹಸಿಯಿದ್ದಾಗ ಕೆತ್ತಿದರೆ ಆಮೇಲೆ ಸೊಟ್ಟಗಾಗುತ್ತದೆ, ಒಣಗಿದ್ದನ್ನು ಬಹಳ ಕಾಲ ಬಿಟ್ಟರೆ ಒಳಗೇ ಪುಡಿಯಾಗುತ್ತದೆ. ಹಾಗಾಗಿ ಕಡಿಯುವುದು, ಒಣಗಿಸುವುದು, ಲೇಪ ಹಾಕಿ ಮುಚ್ಚುವುದು ಇವುಗಳ ನಡುವಿನ ಅವಧಿಯ ಲೆಕ್ಕ ಕೆಲಸಗಾರನಿಗೆ ಬಾಯಿಪಾಠವಾಗಿರಬೇಕು.

ತುಂಡನ್ನು ಬಾಚಿಯಿಂದ ಒರಟಾಗಿ ಇಳಿಸಿ, ಉಳಿಯಿಂದ ಆಕಾರಕ್ಕೆ ತಂದು, ಅರದಿಂದ ಉಜ್ಜುತ್ತಾರೆ. ಮನುಷ್ಯನ ಗೊಂಬೆಯಾದರೆ ಕೈಕಾಲುಗಳನ್ನು ಬೇರೆಯಾಗಿ ಕೆತ್ತಿ ಅಂಟಿಸುವುದುಂಟು. ಹಣ್ಣು ಒಂದೇ ತುಂಡು. ಹುಣಸೆ ಬೀಜವನ್ನು ನೆನೆಸಿ, ಅರೆದು, ಕುದಿಸಿದ ಸರಿಯೇ ಅಂಟು. ಇದರಲ್ಲಿ ಮರದ ಹೊಟ್ಟು ಕಲಸಿ ಸಂದು-ಬಿರುಕುಗಳಿಗೆ ತುಂಬುತ್ತಾರೆ. ಮೇಲೆ ಸೀಮೆಸುಣ್ಣ ಅಥವಾ ಬಿಳಿಮಣ್ಣನ್ನು ಅಂಟಿನಲ್ಲಿ ಕದಡಿ ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರ ಒಣಗಿದ ಮೇಲೂ ತಿಕ್ಕಿ ನುಣುಪು ಮಾಡುತ್ತಾರೆ. ಸೀತಾಫಲದ ಕಣ್ಣುಗಳು, ಹಾಗಲದ ಗಂಟುಗಳು ಅರ್ಧ ಉಳಿಯಲ್ಲಿ, ಅರ್ಧ ಈ ಲೇಪದಲ್ಲಿ ಮೂಡುತ್ತವೆ. ಚಿತ್ರಗಾರರ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಹರಿತಾಳ, ಕೆಂಪಿಗೆ ಇಂಗಳೀಕ, ನೀಲಿಗೆ ನೀಲಿಗಿಡ, ಕಪ್ಪಿಗೆ ದೀಪದ ಮಸಿ. ಮೊದಲೆರಡು ಕ್ರಮವಾಗಿ ಪಾಷಾಣದ ಮತ್ತು ಪಾದರಸದ ಖನಿಜಗಳು. ಮಕ್ಕಳು ಬಾಯಿಗಿಡುವ ವಸ್ತುವಿಗೆ ಅವು ಸಲ್ಲದವು. ಹಳೆಯದೆಲ್ಲ ಆರೋಗ್ಯಕರ ಎಂದು ಹೊಗಳುವವರು ಇದನ್ನು ಮರೆಯಬಾರದು. ಬಳಿಕ ಅಂಗಡಿಯ ಪುಡಿಬಣ್ಣ, ಎಣ್ಣೆಬಣ್ಣ, ಎನಾಮಲ್ ಬಂದವು. ಎನಾಮಲ್‌ನ ಹೊಳಪು ಸಂತೆಯಲ್ಲಿ ಗಿರಾಕಿಯನ್ನು ಸೆಳೆದರೂ ಹಣ್ಣಿನ ಸಿಪ್ಪೆಯ ಮಂದ ಕಾಂತಿಯನ್ನು ಅಳಿಸಿತು.

ಇಲ್ಲಿ ಮಾದರಿಗಾರಿಕೆಯ ಒಂದು ಸೂಕ್ಷ್ಮವಿದೆ. ಜಗತ್ತಿನಲ್ಲಿ ಮರದ ಮಾದರಿ ಎಂದರೆ ಬಹಳ ಜನರಿಗೆ ನೆನಪಾಗುವುದು ಹಾಯಿಹಡಗು. ಇಂಗ್ಲೆಂಡಿನ ನೌಕಾ ಮಂಡಳಿಗಾಗಿ 17ನೇ ಶತಮಾನದ ನಡುವಿನಿಂದ ಯುದ್ಧನೌಕೆಗಳ ಮಾದರಿಗಳನ್ನು ಮಾಡಿಡುತ್ತಿದ್ದರು. ಕೆಳಭಾಗಕ್ಕೆ ಹಲಗೆ ಹೊಚ್ಚದೆ ಪಕ್ಕೆಲುಬುಗಳು ಕಾಣುವಂತೆ ಬಿಡುವುದು ಅವುಗಳ ಲಕ್ಷಣ. ಅಡಿಗೆ ಕಾಲು ಅಂಗುಲ, ಅಂದರೆ 48ಕ್ಕೆ 1, ಅವುಗಳ ಸಾಮಾನ್ಯ ಪ್ರಮಾಣ. ಫಿರಂಗಿ ಅಟ್ಟದಲ್ಲಿ 186 ಅಡಿ ಉದ್ದವಿದ್ದ 'ವಿಕ್ಟರಿ' ಹಡಗು ಈ ಲೆಕ್ಕದಲ್ಲಿ ನಾಲ್ಕಡಿಗೂ ಕಡಿಮೆ ಆಗುತ್ತದೆ. ಹಾಗೆ ಕುಗ್ಗಿಸಿದಾಗ ನೋಡುವವರ ಕಣ್ಣು ಎಷ್ಟೋ ತಪ್ಪುಗಳನ್ನು ಕ್ಷಮಿಸುತ್ತದೆ. ನಿಜವಾದ ಹಡಗಿನ ಪಕ್ಕದಲ್ಲಿಟ್ಟು ಹೋಲಿಸುವವರು ಯಾರೂ ಇಲ್ಲ. ಗೋಕಾಕದ ಮಾದರಿಯ ಪ್ರಮಾಣ 1ಕ್ಕೆ 1, ಅಸಲಿ ಹಣ್ಣು ಪಕ್ಕದ ಬುಟ್ಟಿಯಲ್ಲೇ ಇದೆ, ದಿನಾ ಅದನ್ನು ಕೊಳ್ಳುವ ಹೆಣ್ಣುಮಗಳೇ ಪರೀಕ್ಷಕಿ. ತೊಟ್ಟಿನ ಬಳಿಯ ತಗ್ಗು, ಬಿಸಿಲು ಬಿದ್ದ ಮಗ್ಗುಲಿನ ಕೆಂಪು, ಬಾಳೆಯ ಮೇಲಿನ ಕಂದು ಚುಕ್ಕೆ ಇವಿಲ್ಲದಿದ್ದರೆ ಅದು ಬಣ್ಣದ ಉಂಡೆ ಅಷ್ಟೆ. ತಮಾಷೆಯೆಂದರೆ ಆ ಇಂಗ್ಲಿಷ್ ಹಡಗುಗಳನ್ನು ಹೆಚ್ಚಾಗಿ ಕೆತ್ತುತ್ತಿದ್ದದ್ದು ಮರಸೇಬಿನ (ಪೇರ್) ಮರದಲ್ಲಿ; ನಮ್ಮ ಹಣ್ಣುಗಳನ್ನು ಕೆತ್ತಿದ್ದು ತಿನ್ನುವ ಹಣ್ಣೇ ಬಿಡದ ಮರದಲ್ಲಿ.

ಗೋಕಾಕವನ್ನು ಚನ್ನಪಟ್ಟಣದೊಂದಿಗೆ ಕಲಸುವುದು ಸಾಮಾನ್ಯ. ಚನ್ನಪಟ್ಟಣದ್ದು ಚರಕಿಯ ಮೇಲೆ ಹಾಲೆ ಮರವನ್ನು ತಿರುಗಿಸಿ, ತಿರುಗುವಾಗಲೇ ಅರಗಿನ ಬಣ್ಣ ಒತ್ತುವ ವಿಧಾನ. ಅದು ದುಂಡು ಆಕಾರಗಳ ಲೋಕ. ಗೋಕಾಕಕ್ಕೆ ಹತ್ತಿರದ ನೆಂಟ ಕೊಪ್ಪಳ ಜಿಲ್ಲೆಯ ಕಿನ್ನಾಳ. ಅಲ್ಲಿನ ಚಿತ್ರಗಾರರೂ ಹಗುರ ಮರವನ್ನು ಕೈಯಲ್ಲಿ ಕೆತ್ತುತ್ತಾರೆ, ಹುಣಸೆ ಅಂಟಿನ ಮುದ್ದೆಯಾದ ಕಿಟ್ಟ ಬಳಸುತ್ತಾರೆ. ಅವರ ಬಲ ದೇವತಾಮೂರ್ತಿ ಮತ್ತು ಉಬ್ಬು ಆಭರಣದ ಕೆಲಸ. ಹಣ್ಣಿನ ವಿಷಯದಲ್ಲಿ ಗೋಕಾಕಕ್ಕೆ ಸರಿಸಾಟಿ ಘಟ್ಟದ ಕೆಳಗಿನ ಸಾವಂತವಾಡಿ. ಗಂಜೀಫಾ ಆಟದ ಎಲೆಗಳಿಗೆ ಹೆಸರಾದ ಅಲ್ಲಿನ ಚಿತಾರಿಗಳೂ ಮರದ ಹಣ್ಣು-ತರಕಾರಿ ಮಾಡುತ್ತಾರೆ. ಚನ್ನಪಟ್ಟಣ ಮತ್ತು ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

20ನೇ ಶತಮಾನ ಕಸುಬಿನ ಪಾಲಿಗೆ ಎರಡು ಬಾಗಿಲ ಮನೆಯಾಯಿತು. 1887ರಲ್ಲಿ ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾಗಿತ್ತು. ಸುಮಾರು ಅದೇ ಕಾಲಕ್ಕೆ ರೈಲು ಬಂತು. 52 ಮೀಟರಿನಿಂದ ಧುಮುಕುವ ಘಟಪ್ರಭೆಯನ್ನು ನೋಡಲು ಬಂದ ಪ್ರವಾಸಿಗನಿಗೆ ಊರಿಗೆ ಒಯ್ಯಲು ಗೊಂಬೆ ಬೇಕಾಯಿತು. ಅದೇ ರೈಲು ಪರದೇಶದ ತಗಡು, ಸೆಲ್ಯುಲಾಯ್ಡ್ ಆಟಿಕೆಗಳನ್ನೂ ತಂದಿತು. ತಿಂಗಳ ಪಗಾರದ ಗಿರಣಿ ಕೆಲಸದ ಎದುರು ಸಂತೆಯ ಗಳಿಕೆ ಅನಿಶ್ಚಿತ. ಸ್ವಾತಂತ್ರ್ಯದ ನಂತರ 1952ರ ಅಖಿಲ ಭಾರತ ಕರಕುಶಲ ಮಂಡಳಿ, 1964ರ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಮತ್ತು ಅದರ ಕಾವೇರಿ ಮಳಿಗೆಗಳು ಕರಕುಶಲ ವಸ್ತುಗಳನ್ನು ನಗರಗಳಿಗೆ ತಲುಪಿಸಿದವು. ನಡುವೆ 1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತ್ತು. ಆದರೆ ಮಳಿಗೆಯ ಗಾಜಿನ ಹಿಂದೆ ಚನ್ನಪಟ್ಟಣ, ಶ್ರೀಗಂಧ, ಬಿದರಿ ಮುಂದೆ ನಿಂತವು; ಗೋಕಾಕದ ಹಣ್ಣು ಹಿಂದಿನ ಸಾಲಿಗೆ ಸರಿಯಿತು. ಪ್ಲಾಸ್ಟಿಕ್ ಹಣ್ಣು ಬಂದ ಮೇಲೆ ಬೆಲೆಯಲ್ಲಿ ಪೈಪೋಟಿಯ ಮಾತೇ ಉಳಿಯಲಿಲ್ಲ. ಅಚ್ಚಿನಿಂದ ಕ್ಷಣದಲ್ಲಿ ಉದುರುವ ಮಾವಿಗೂ ಪದರ ಪದರವಾಗಿ ಒಣಗಬೇಕಾದ ಮಾವಿಗೂ ಒಂದೇ ತಕ್ಕಡಿ ಹೇಗೆ?

ಆಟಿಕೆಯ ಉದ್ಯಮ ಮಾತ್ರ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳ ಜೊತೆಗೆ ರಫ್ತಿಗೆ ಆಟಿಕೆಗಳೂ ತಯಾರಾಗುತ್ತವೆ. ಅದೇ ಸಂಸ್ಥೆಯ ಕೊಪ್ಪಳ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಭಾನಾಪುರದಲ್ಲಿ ಶಂಕುಸ್ಥಾಪನೆ ನಡೆಯಿತು. ಕಿನ್ನಾಳ ಇರುವುದೂ ಅದೇ ಜಿಲ್ಲೆಯಲ್ಲಿ. ಕೈಗೊಂಬೆಯ ಎರಡು ನೆಲೆಗಳ ನೆರೆಯಲ್ಲೇ ಯಂತ್ರದ ಆಟಿಕೆ ಬೆಳೆದಿದೆ, ಎರಡರ ನಡುವೆ ಕೊಡುಕೊಳ್ಳುವಿಕೆ ಹೆಚ್ಚೇನೂ ಆಗಿಲ್ಲ. ವಿನ್ಯಾಸ ಕಲಿಸುವ ಶಾಲೆಗಳು ಹುಣಸೆ ಅಂಟಿನ ಲೇಪವನ್ನು ಪಾಠವಾಗಿಸಿದರೆ ಆ ಸಂಬಂಧ ಅಲ್ಲಿಂದ ಶುರುವಾಗಬಹುದು.

ಮನೆಯಲ್ಲಿ ಹಳೆಯ ಗೋಕಾಕದ ಹಣ್ಣಿದ್ದವರು ಅದನ್ನು ನೀರಿನಲ್ಲಿ ತೊಳೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಲೂಬಾರದು. ಒಳಗಿನ ಹುಣಸೆ ಅಂಟು ನೀರು ಕುಡಿದರೆ ಲೇಪ ಹೊಪ್ಪಳಿಕೆಯಾಗಿ ಏಳುತ್ತದೆ. ಒಣ ಮೆತ್ತನೆಯ ಬಟ್ಟೆ ಸಾಕು. ಕೆಳಗೆ ಸಣ್ಣ ರಂಧ್ರದಿಂದ ಪುಡಿ ಉದುರುತ್ತಿದ್ದರೆ ಹುಳು ಹಿಡಿದಿದೆ ಎಂದರ್ಥ. ಅಂಥದ್ದನ್ನು ಉಳಿದವುಗಳಿಂದ ಬೇರೆ ಇಡಬೇಕು. ಬಣ್ಣ ಮಾಸಿದೆಯೆಂದು ಪೇಟೆಯ ಪೇಂಟ್ ಬಳಿದರೆ ಹೊಳೆಯುವ ಹೊಸ ಹಣ್ಣು ಸಿಗುತ್ತದೆ, ಜೀನಗಾರನ ಕೆಲಸ ಅಡಿಯಲ್ಲಿ ಮುಚ್ಚಿಹೋಗುತ್ತದೆ.